ನಿಂತ ಲಾರಿಗೆ ಹೇಳೋರಿಲ್ಲ, ಕೇಳೋರಿಲ್ಲ

2023ರ ಜೂನ್ 6, ಯಾದಗಿರಿ ಜಿಲ್ಲೆಯ ಬಳಿಚಕ್ರ. ಆಂಧ್ರದ ನಂದ್ಯಾಲ ಕಡೆಯಿಂದ ಕಲಬುರಗಿಯ ಖಾಜಾ ಬಂದೇನವಾಜ್ ಉರುಸಿಗೆ ಹೊರಟವರ ವಾಹನ ನಿಂತ ಲಾರಿಗೆ ಗುದ್ದಿತು. ಐವರು ಸತ್ತರು, 13 ಮಂದಿ ಗಾಯಗೊಂಡರು. ಅದೇ ವರ್ಷದ ಅಕ್ಟೋಬರ್ 26, ಚಿಕ್ಕಬಳ್ಳಾಪುರ: ನಿಂತ ಟ್ಯಾಂಕರ್, 13 ಹೆಣ. 2024ರ ಜೂನ್ 28, ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ: ದೇವಿ ದರ್ಶನ ಮುಗಿಸಿ ಭದ್ರಾವತಿ ಕಡೆ ಮರಳುತ್ತಿದ್ದವರು, ನಿಂತ ಲಾರಿ, ಮತ್ತೆ 13 ಹೆಣ. 2025ರ ಏಪ್ರಿಲ್ 5, ನಮ್ಮ ಯಾದಗಿರಿ ಜಿಲ್ಲೆಯ ಪಕ್ಕದ ಜೇವರ್ಗಿಯ ನೆಲೋಗಿ ಕ್ರಾಸ್: ಅದೇ ದರ್ಗಾದ ದಾರಿ, ಅದೇ ನಿಂತ ಲಾರಿ, ಮತ್ತೆ ಐವರು.

ಇದನ್ನು ಹಣೆಬರಹ ಅನ್ನುವವರಿಗೆ ನಾಚಿಕೆಯಾಗಬೇಕು. ಹಣೆಬರಹ ಇಷ್ಟು ಅಚ್ಚುಕಟ್ಟಾಗಿ ಒಂದೇ ತರಹ ಕೊಲ್ಲುವುದಿಲ್ಲ. ಕೊಲ್ಲುವುದು ಬೇಜವಾಬ್ದಾರಿ.

ಶಹಾಪುರದಿಂದ ಸುರಪುರ ದಾಟಿ ತಿಂಥಣಿ ಸೇತುವೆಯತ್ತ ರಾತ್ರಿ ಹೋಗಿ ನೋಡಿ. ಟೈರು ಒಡೆದ ಲಾರಿಯ ಹಿಂದೆ ನಾಲ್ಕು ಕಲ್ಲು, ಒಂದು ಬೇವಿನ ಟೊಂಗೆ. ಇಷ್ಟೇ ಎಚ್ಚರಿಕೆ. ಹಿಂದಿನ ಕೆಂಪು ದೀಪ ಸತ್ತು ಎಷ್ಟು ಕಾಲವಾಯಿತೋ. ರಿಫ್ಲೆಕ್ಟರ್ ಪಟ್ಟಿಯ ಮೇಲೆ ಬೆರಳು ಮುಳುಗುವಷ್ಟು ಧೂಳು. ಲಾರಿ ರಿಪೇರಿಯಾಗಿ ಹೊರಟರೂ ಕಲ್ಲು ಅಲ್ಲೇ ಉಳಿಯುತ್ತವೆ, ಮುಂದಿನ ಬೈಕಿನವನಿಗೆ. ರಸ್ತೆಯಲ್ಲಿ ಅಪಾಯವಾಗುವಂತೆ ವಾಹನ ಬಿಟ್ಟುಹೋಗಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 122ನೇ ಕಲಂ ಹೇಳುತ್ತದೆ. ಆ ಕಲಂ ನಮ್ಮ ಹೆದ್ದಾರಿಗೆ ಇನ್ನೂ ಬಂದು ಮುಟ್ಟಿಲ್ಲ. ಹಗಲು ಹೆಲ್ಮೆಟ್ ಹಿಡಿಯಲು ಸಂದಿಗೊಂದಿಯಲ್ಲಿ ನಿಲ್ಲುವ ಪೊಲೀಸರಿಗೆ ರಾತ್ರಿ ಹದಿನಾರು ಗಾಲಿಯ ಲಾರಿ ಕಾಣುವುದಿಲ್ಲವೇ?

ಗುದ್ದುವ ವಾಹನದ ಕಥೆಯೂ ಬೇರೆಯಲ್ಲ. ‘ಒಂಚೂರು ಸರಕೊಳ್ರೀ ಯವ್ವಾ, ಇನ್ನಿಬ್ರು ಕುಂದರ್ತಾರ’ ಎನ್ನುತ್ತಲೇ ಕ್ರೂಸರ್ ತುಂಬುತ್ತದೆ. 2022ರ ಆಗಸ್ಟ್ 25ರಂದು ಶಿರಾ ಬಳಿ ಲಾರಿಗೆ ಡಿಕ್ಕಿಯಾದ ಕ್ರೂಸರಿನಲ್ಲಿ 20ಕ್ಕೂ ಹೆಚ್ಚು ಜನರಿದ್ದರು. ಬೆಂಗಳೂರಿಗೆ ದುಡಿಯಲು ಹೊರಟ ರಾಯಚೂರು ಸೀಮೆಯ ಒಂಬತ್ತು ಮಂದಿ ಹೆಣವಾದರು. 2025ರ ಫೆಬ್ರವರಿ 5ರಂದು ನಮ್ಮ ತಿಂಥಣಿ ಬಳಿಯೇ ಒಂದು ಬೈಕಿನ ಮೇಲೆ ಗಂಡ, ಹೆಂಡತಿ, ಮೂರು ಮಕ್ಕಳು. ಸಾರಿಗೆ ಬಸ್ಸಿಗೆ ಸಿಕ್ಕು ಐವರೂ ಹೋದರು. ‘ಅಷ್ಟು ಜನ ಯಾಕೆ ಹತ್ತಬೇಕಿತ್ತು’ ಎಂದು ಕೇಳುವುದು ಸುಲಭ. ಕೂಲಿಯವರಿಗೆ ಕೈಗೆಟುಕುವ, ಹೊತ್ತಿಗೆ ಸರಿಯಾಗಿ ಬರುವ ಬಸ್ಸು ಎಲ್ಲಿದೆ ಎಂದು ಕೇಳುವವರಿಲ್ಲ. ಹೆಚ್ಚುವರಿ ತಲೆಗೆ ಕಾಯ್ದೆ ಇಟ್ಟ ದಂಡ 200 ರೂಪಾಯಿ. ನಮ್ಮ ಜೀವದ ದರ ಅದು.

108 ಆಂಬುಲೆನ್ಸ್ 2008ರ ನವೆಂಬರಿನಿಂದ ಓಡುತ್ತಿದೆ, ಅದರ ಸಿಬ್ಬಂದಿಗೆ ಕೈಮುಗಿಯೋಣ. ಆದರೆ ಒಂದೇ ಹೊತ್ತಿಗೆ 13 ಮಂದಿ ರಕ್ತ ಸುರಿಸುತ್ತ ಬಿದ್ದರೆ ಒಂದು ಗಾಡಿ ಯಾರನ್ನು ಎತ್ತಬೇಕು, ಯಾರನ್ನು ಬಿಡಬೇಕು? ಎತ್ತಿದರೂ ಒಯ್ಯುವುದೆಲ್ಲಿಗೆ? 2022ರ ಫೆಬ್ರವರಿಯಲ್ಲಿ ಶಹಾಪುರ ತಾಲ್ಲೂಕಿನ ದೋರನಹಳ್ಳಿಯ ಸೀಮಂತದ ಮನೆಯಲ್ಲಿ ಸಿಲಿಂಡರ್ ಸೋರಿ ಹೊತ್ತಿಕೊಂಡಾಗಲೂ ಸುಟ್ಟ ಮೈಗಳನ್ನು ಕಲಬುರಗಿಗೆ ಒಯ್ಯಬೇಕಾಯಿತು. ಹತ್ತಕ್ಕೂ ಹೆಚ್ಚು ಜೀವ ಹೋದವು. ಪೆಟ್ಟು ರಸ್ತೆಯದಿರಲಿ, ಬೆಂಕಿಯದಿರಲಿ, ಸುರಪುರದವರ ದಾರಿ ಒಂದೇ: ನೂರು ಕಿ.ಮೀ. ಆಚೆಯ ಕಲಬುರಗಿ. ಯಾದಗಿರಿ, ಶಹಾಪುರ, ಸುರಪುರ ಮೂರೂ ತಾಲ್ಲೂಕು ಅತಿ ಹಿಂದುಳಿದವು ಎಂದು ಪ್ರಾದೇಶಿಕ ಅಸಮತೋಲನ ಅಳೆದ ನಂಜುಂಡಪ್ಪ ಸಮಿತಿ 2002ರಲ್ಲೇ ಬರೆದುಕೊಟ್ಟಿತ್ತು. ಈ ಸೀಮೆಗೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಬಂದೂ ದಶಕ ದಾಟಿತು.

ಪ್ರತಿ ಸಲವೂ ಮಂತ್ರಿಗಳ ಸಂತಾಪ, ಪರಿಹಾರದ ಚೆಕ್ಕು, ಚಾಲಕನ ಮೇಲೆ ಕೇಸು. ಅಲ್ಲಿಗೆ ಕೈತೊಳೆದಂತೆ.

ಉರುಸು ಯಾವಾಗ, ಮೈಲಾಪುರದ ಜಾತ್ರೆ ಯಾವಾಗ, ಜನ ಗುಳೆ ಹೊರಡುವುದು ಯಾವಾಗ ಎಂಬುದೆಲ್ಲ ಜಿಲ್ಲಾಡಳಿತಕ್ಕೆ ಗೊತ್ತು. ಆ ರಾತ್ರಿಗಳಲ್ಲಾದರೂ ಗಸ್ತು ತಿರುಗಲಿ, ನಿಂತ ಲಾರಿಗೆ ಕ್ರೇನ್ ಬರಲಿ, ಹೆಚ್ಚುವರಿ ಬಸ್ಸು ಬಿಡಲಿ, ಸುರಪುರದ ಆಸ್ಪತ್ರೆಯಲ್ಲಿ ರಕ್ತ ಮತ್ತು ಶಸ್ತ್ರಚಿಕಿತ್ಸಕ ಸಿದ್ಧವಿರಲಿ. ಇಷ್ಟೂ ಮಾಡದೆ ಮತ್ತೆ ಹೆಣ ಬಿದ್ದರೆ, ಎಫ್‌ಐಆರ್‌ನಲ್ಲಿ ಚಾಲಕನ ಹೆಸರಿನ ಕೆಳಗೆ ಆ ರಾತ್ರಿ ಮಲಗಿದ್ದ ಅಧಿಕಾರಿಯ ಹೆಸರೂ ಬರಲಿ.