ಗೋಡು ಹೊಡೆಸೋ ಮುಂಚೆ ಒಂದು ಮಾತು

ಬೇಸಿಗೆ ಬಂತು, ಕೆರೆ ಗೋಡಿಗೆ ಟ್ರ್ಯಾಕ್ಟರ್ ಸಾಲು ನಿಂತಿದೆ. ಗೋಡು ಹೊಡೆಸಿದ ಹೊಲಕ್ಕೆ ಮೂರು ವರ್ಷ ಗೊಬ್ಬರದ ಚಿಂತೆ ಇಲ್ಲ ಅಂತ ನಮ್ಮ ತಾತ ಹೇಳ್ತಿದ್ರು. ಸುಳ್ಳಲ್ಲ. ಆದರೆ ಅದು ಮಳೆ ನೀರಿನ ಕೆರೆಗೆ ಹೇಳಿದ ಮಾತು. ವೃಷಭಾವತಿ ನೀರು ಕುಡಿದ ನಮ್ಮ ಕಡೆ ಕೆರೆಗಳಿಗೆ ಹೊಂದಲ್ಲ.

ಈ ಹೊಳೆಗೆ ಬೆಂಗಳೂರಿನ ಚರಂಡಿ ನೀರಿನ ಜೊತೆ ಕಾರ್ಖಾನೆ ನೀರೂ ಸೇರುತ್ತೆ. ಅದರಲ್ಲಿ ಬರೋ ಸೀಸ, ಕ್ರೋಮಿಯಂ, ನಿಕ್ಕಲ್, ಕ್ಯಾಡ್ಮಿಯಂ ಹೆಚ್ಚಾಗಿ ಹೋಗಿ ಕೂರೋದು ಹೂಳಿನಲ್ಲೇ. ಕಣ್ಣಿಗೆ ಕಾಣಲ್ಲ. ಬೆಳೆ ಮೊದಲಿಗಿಂತ ಕಪ್ಪು ಹಸಿರಾಗಿ ಬರುತ್ತೆ, ಯಾಕಂದ್ರೆ ಆ ಗೋಡಲ್ಲಿ ಸಾರಜನಕವೂ ಇರುತ್ತೆ. ಮೋಸ ಹೋಗೋದು ಅಲ್ಲೇ.

ನಾನೂ ಎರಡು ವರ್ಷದ ಹಿಂದೆ ದಂಟಿನ ಸೊಪ್ಪಿನ ಹತ್ತು ಗುಂಟೆಗೆ ಹೊಡೆಸಿದೆ. ಮಣ್ಣು ಆರೋಗ್ಯ ಕಾರ್ಡ್ ಇದೆಯಲ್ಲ ಅನ್ನೋ ಧೈರ್ಯ. ಆಮೇಲೆ ಕೂತು ಓದಿದೆ. ಕಾರ್ಡಲ್ಲಿ ಇರೋದು 12 ಅಂಶ: ರಸಸಾರ, ಸಾರಜನಕ, ರಂಜಕ, ಪೊಟ್ಯಾಷ್, ಸತು, ಬೋರಾನ್ ಇಂಥವು. ಸೀಸ, ಕ್ಯಾಡ್ಮಿಯಂ ಅದರಲ್ಲಿಲ್ಲ. ಬೇರೆಯಾಗಿ ದುಡ್ಡು ಕೊಟ್ಟೇ ಪರೀಕ್ಷೆ ಮಾಡಿಸಬೇಕು.

ಒಂದು ಸಲ ಹೊಲಕ್ಕೆ ಬಿದ್ದ ಲೋಹ ಕೊಳೆಯಲ್ಲ, ಕರಗಿ ಹೋಗಲ್ಲ. ಸೂರ್ಯಕಾಂತಿ, ಸಾಸಿವೆ ಹಾಕಿದ್ರೆ ಹೀರುತ್ತೆ ಅಂತಾರೆ, ನಿಜ. ಆದ್ರೆ ಒಂದು ಬೆಳೆಗೆ ಹೀರೋದು ಸ್ವಲ್ಪ, ವರ್ಷಾನುಗಟ್ಟಲೆ ಬೇಕು. ಆ ದಂಟನ್ನ ದನಕ್ಕೂ ಹಾಕಂಗಿಲ್ಲ, ತಿಪ್ಪೆಗೂ ಹಾಕಂಗಿಲ್ಲ. ಪುಡಿ ಎರಚಿ, ಒಂದೇ ಬೆಳೆಗೆ ಮಣ್ಣು ಶುದ್ಧ ಅನ್ನೋರನ್ನ ನಂಬಬೇಡಿ.

ನಾನು ಮಾಡ್ತಿರೋದು ಇಷ್ಟು. ಆ ಜಾಗದಲ್ಲಿ ಸೊಪ್ಪು, ಮೂಲಂಗಿ, ಮೇವು ನಿಲ್ಲಿಸಿದೀನಿ, ಸೇವಂತಿಗೆ ಹಾಕಿದೀನಿ. ಲೋಹ ಜಾಸ್ತಿ ಸೇರೋದು ಎಲೆಗೆ, ಬೇರಿಗೆ. ಕಾಳು, ಹಣ್ಣಿಗೆ ಸಾಮಾನ್ಯವಾಗಿ ಕಮ್ಮಿ. ಮನೆ ತಿಪ್ಪೆ ಗೊಬ್ಬರ ಚೆನ್ನಾಗಿ ಕೊಡ್ತೀನಿ. ಮಣ್ಣು ಹುಳಿಯಾದ್ರೆ ಸುಣ್ಣ ಕೊಡಬೇಕು, ಹುಳಿ ಮಣ್ಣಲ್ಲಿ ಕ್ಯಾಡ್ಮಿಯಂ ಬೇಗ ಬೆಳೆಗೆ ಏರುತ್ತೆ. ಇದರಿಂದ ಲೋಹ ಹೋಗಲ್ಲ, ಗಿಡಕ್ಕೆ ಸಿಗೋದು ಕಮ್ಮಿ ಆಗುತ್ತೆ ಅಷ್ಟೆ.

"ಗೊಬ್ಬರದ ರೇಟ್ ನೋಡಿದೀಯೇನಪ್ಪಾ, ಬಿಟ್ಟಿ ಗೋಡು ಬಿಡೋಕಾಗುತ್ತಾ" ಅಂತ ಕೇಳ್ತೀರ. ಒಪ್ತೀನಿ. ಅದಕ್ಕೇ ಹೇಳೋದು, ಗೋಡು ಕೊಡೋ ಮುಂಚೆ ಕೆರೆಯ ನಾಲ್ಕು ಕಡೆ ಮಣ್ಣು ತೆಗೆಸಿ ಲೋಹದ ಪರೀಕ್ಷೆ ಮಾಡಿಸೋದು ಪಂಚಾಯ್ತಿ ಕೆಲಸ ಆಗಬೇಕು. ಖರ್ಚು ನಮ್ಮ ತಲೆಗಲ್ಲ, ನೀರು ಕೆಡಿಸಿದೋರ ತಲೆಗೆ ಬರಬೇಕು. ಮೇಲಿಂದ ಬರೋ ವಿಷ ನಿಲ್ಲದೆ ಕೆಳಗೆ ನಾವು ಎಷ್ಟು ತೊಳೆದ್ರೂ ಅಷ್ಟೆ.

ಮುಂದಿನ ಗ್ರಾಮಸಭೆಯಲ್ಲಿ ನಾನು ಕೇಳ್ತೀನಿ. ನೀವೂ ಬಂದು ಜೊತೆಗೆ ನಿಲ್ಲಿ. ಅಲ್ಲೀವರೆಗೆ ಟ್ರ್ಯಾಕ್ಟರ್ ಸ್ವಲ್ಪ ತಡೀರಿ.