ಯಂತ್ರವೇ ಓದುವ ಕೈಪಿಡಿ

1956ನೆಯ ಇಸವಿ ಏಪ್ರಿಲ್ 26ರಂದು ‘ಐಡಿಯಲ್ ಎಕ್ಸ್’ ಎಂಬ ಹಡಗು 58 ಲೋಹದ ಪೆಟ್ಟಿಗೆಗಳನ್ನು ಹೊತ್ತು ಅಮೆರಿಕದ ನ್ಯೂವಾರ್ಕ್ ಬಂದರಿನಿಂದ ಹ್ಯೂಸ್ಟನ್ನಿಗೆ ಹೊರಟಿತು. ಲಾರಿ ಸಾಗಾಣಿಕೆಯಲ್ಲಿ ಹಣ ಗಳಿಸಿದ್ದ ಮಾಲ್ಕಮ್ ಮೆಕ್‌ಲೀನ್ ಎಂಬಾತನ ಉಪಾಯವದು. ಸರಕನ್ನು ಮೂಟೆ ಮೂಟೆಯಾಗಿ ಏರಿಸಿ ಇಳಿಸುವ ಬದಲು, ತುಂಬಿದ ಪೆಟ್ಟಿಗೆಯನ್ನೇ ಲಾರಿಯಿಂದೆತ್ತಿ ಹಡಗಿನ ಮೇಲಿಟ್ಟರು. ಒಳಗೆ ಏನೇ ಇರಲಿ, ಹೊರಗಿನ ಅಳತೆ ಒಂದೇ ಆದರೆ ಸಾಗಾಣಿಕೆ ಸುಲಭ.

ಗಣಕಯಂತ್ರಗಳ ಲೋಕದಲ್ಲಿಯೂ ಇಂಥದೇ ತೊಡಕಿತ್ತು. ಒಂದು ಯಂತ್ರದಲ್ಲಿ ಸರಾಗವಾಗಿ ನಡೆದ ಕ್ರಮವಿಧಿ ಮತ್ತೊಂದರಲ್ಲಿ ಮುಗ್ಗರಿಸುತ್ತಿತ್ತು. ಅದಕ್ಕೆ ಬೇಕಾದ ಪರಿಕರಗಳು ಅಲ್ಲಿರುತ್ತಿರಲಿಲ್ಲ. ಕ್ರಮವಿಧಿಯನ್ನೂ ಅದರ ಪರಿಕರಗಳನ್ನೂ ಒಟ್ಟಿಗೆ ಕಟ್ಟಿ ಕಳಿಸುವ ‘ಕಂಟೈನರ್’ ವಿಧಾನವನ್ನು 2013ರಲ್ಲಿ ಪ್ರಕಟವಾದ ‘ಡಾಕರ್’ ಮನೆಮಾತಾಗಿಸಿತು. ಇಂಥ ನೂರಾರು ಪೆಟ್ಟಿಗೆಗಳ ಮೇಲ್ವಿಚಾರಣೆಗೆ 2014ರಲ್ಲಿ ಗೂಗಲ್ ಸಂಸ್ಥೆ ‘ಕುಬರ್ನೆಟೀಸ್’ ಅನ್ನು ಹೊರತಂದಿತು. ಗ್ರೀಕ್ ಭಾಷೆಯಲ್ಲಿ ಈ ಮಾತಿಗೆ ಚುಕ್ಕಾಣಿ ಹಿಡಿಯುವವನು ಎಂದರ್ಥ.

ಈಗ ಆ ಚುಕ್ಕಾಣಿಯ ಬಳಿಗೆ ಹೊಸ ಸೇವಕನೊಬ್ಬ ಬಂದಿದ್ದಾನೆ. ಅವನೇ ಕೃತಕ ಬುದ್ಧಿಮತ್ತೆಯ ‘ಏಜೆಂಟ್’. ‘ಹೊಸ ಆವೃತ್ತಿಯನ್ನು ಸ್ಥಾಪಿಸು’ ಎಂದು ಮಾತಿನಲ್ಲಿ ಹೇಳಿದರೆ ಸಾಕು, ತನಗೊಪ್ಪಿಸಿರುವ ಉಪಕರಣಗಳಲ್ಲಿ ತಕ್ಕುದನ್ನು ತಾನೇ ಆರಿಸಿ ಕೆಲಸಕ್ಕೆ ತೊಡಗುತ್ತಾನೆ. ಆರಿಸುವುದು ಹೇಗೆ? ಪ್ರತಿಯೊಂದು ಉಪಕರಣಕ್ಕೂ ಒಂದು ಹೆಸರು, ನಾಲ್ಕಾರು ಸಾಲಿನ ವಿವರಣೆ, ಒದಗಿಸಬೇಕಾದ ಮಾಹಿತಿಯ ಪಟ್ಟಿ ಇರುತ್ತವೆ. ಅವನ್ನು ಓದಿಯೇ ಅವನು ನಿರ್ಧರಿಸುತ್ತಾನೆ. ಕೈಪಿಡಿಯನ್ನು ಮನುಷ್ಯನಷ್ಟೇ ಓದುತ್ತಿದ್ದ ಕಾಲ ಹೀಗೆ ಹಿಂದಾಯಿತು.

ಓದುಗ ಬದಲಾದಾಗ ಬರೆಯುವವನ ಹೊಣೆಯೂ ಬದಲಾಗುತ್ತದೆ. ಸಾಲೊಂದು ಅಸ್ಪಷ್ಟವಾಗಿದ್ದರೆ ಅನುಭವಿಯಾದ ಎಂಜಿನಿಯರು ಪಕ್ಕದವರನ್ನು ಕೇಳಿಯಾನು. ಏಜೆಂಟನು ಊಹೆಯಿಂದ ತೆರವನ್ನು ತುಂಬಿಕೊಂಡು ಮುಂದುವರಿಯಬಹುದು. ‘ಹಳೆಯದನ್ನು ತೆಗೆದುಹಾಕುತ್ತದೆ’ ಎಂದಷ್ಟೇ ಬರೆದರೆ ಸಾಲದು. ಪೆಟ್ಟಿಗೆಯನ್ನು ತೆಗೆದರೆ ಮತ್ತೆ ಕಟ್ಟಬಹುದು. ಗ್ರಾಹಕರ ಲೆಕ್ಕಪತ್ರವಿರುವ ಉಗ್ರಾಣ ಅಳಿದರೆ, ನಕಲು ಇಟ್ಟಿರದ ಹೊರತು ಮರಳಿ ಬಾರದು. ಡಾಕರಿನ ಒಂದು ಆಜ್ಞೆಯಲ್ಲಿ ಈ ಎರಡಕ್ಕೂ ಇರುವ ಅಂತರ ಕೊನೆಯಲ್ಲಿ ಸೇರಿಸುವ ಒಂದೇ ಅಕ್ಷರದ್ದು!

ಬರಹದ ಲೋಪಕ್ಕೆ ಎಷ್ಟು ಬೆಲೆ ತೆರಬೇಕಾದೀತೆಂಬುದನ್ನು ಏಜೆಂಟರು ಬರುವ ಮೊದಲೇ ಜಗತ್ತು ಕಂಡಿದೆ. 2012ರ ಆಗಸ್ಟ್ 1ರ ಮಾತು. ಅಮೆರಿಕದ ಷೇರುಪೇಟೆಯಲ್ಲಿ ವ್ಯವಹರಿಸುತ್ತಿದ್ದ ನೈಟ್ ಕ್ಯಾಪಿಟಲ್ ಸಂಸ್ಥೆ ಎಂಟು ಯಂತ್ರಗಳಿಗೆ ಹೊಸ ಕ್ರಮವಿಧಿಯನ್ನು ಹಾಕಬೇಕಿತ್ತು. ಏಳಕ್ಕೆ ಹಾಕಿದ್ದಾಯಿತು, ಒಂದು ಉಳಿದುಹೋಯಿತು. ಅದರಲ್ಲಿ 2003ರಿಂದ ಬಳಕೆ ತಪ್ಪಿದ್ದ ಹಳೆಯ ಕ್ರಮವಿಧಿ ಎಚ್ಚೆತ್ತು, ಬೇಡದ ವ್ಯಾಪಾರಕ್ಕೆ ತೊಡಗಿತು. ಗಾಬರಿಗೊಂಡ ನೌಕರರು ಸರಿಯಾಗಿದ್ದ ಏಳು ಯಂತ್ರಗಳಿಂದಲೇ ಹೊಸದನ್ನು ಕಿತ್ತುಹಾಕಿದರು, ಕೇಡು ಇಮ್ಮಡಿಸಿತು. ಸುಮಾರು 45 ನಿಮಿಷಗಳ ಆ ವ್ಯವಹಾರದಿಂದ ಸಂಸ್ಥೆಗೆ 46 ಕೋಟಿ ಡಾಲರಿಗೂ ಹೆಚ್ಚು ನಷ್ಟವಾಯಿತು. ಮಾಡಿದ ಕೆಲಸವನ್ನು ಎರಡನೆಯ ತಂತ್ರಜ್ಞ ಪರೀಕ್ಷಿಸಬೇಕೆಂಬ ಲಿಖಿತ ನಿಯಮವೇ ಅಲ್ಲಿರಲಿಲ್ಲವೆಂದು ಷೇರುಪೇಟೆಯ ಸರ್ಕಾರಿ ನಿಯಂತ್ರಕರು 2013ರ ಅಕ್ಟೋಬರಿನಲ್ಲಿ ದಾಖಲಿಸಿದರು.

ಅಲ್ಲಿ ಕೆಲಸ ಮಾಡಿದವರು ಮನುಷ್ಯರು. ಅದೇ ಕೆಲಸವನ್ನು ಕ್ಷಣಾರ್ಧದಲ್ಲಿ ಮುಗಿಸುವ ಏಜೆಂಟನಿಗೆ ಕೈಪಿಡಿ ನಾಲ್ಕು ಸಂಗತಿಗಳನ್ನು ಮೊದಲೇ ತಿಳಿಸಬೇಕು: ಈ ಉಪಕರಣದಿಂದ ಏನು ಬದಲಾಗುತ್ತದೆ, ಯಾವುದನ್ನು ಹಿಂದಕ್ಕೆ ಪಡೆಯಲಾಗದು, ಯಾವಾಗ ನಿಂತು ಮನುಷ್ಯನ ಒಪ್ಪಿಗೆ ಕೇಳಬೇಕು, ಕೆಲಸ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳುವುದು ಹೇಗೆ.

ಆದರೆ ಎಷ್ಟೇ ಚೆನ್ನಾಗಿ ಬರೆದರೂ ಬರಹಕ್ಕೆ ಮಿತಿಯುಂಟು. ಏಜೆಂಟರಿಗೂ ಉಪಕರಣಗಳಿಗೂ ನಡುವೆ ಮಾತುಕತೆ ನಡೆಸಲೆಂದು 2024ರ ನವೆಂಬರಿನಲ್ಲಿ ಆಂಥ್ರೊಪಿಕ್ ಸಂಸ್ಥೆ ‘ಎಂ.ಸಿ.ಪಿ.’ ಎಂಬ ಕ್ರಮವನ್ನು ಪ್ರಕಟಿಸಿತು. ನಾಶಕ್ಕೆ ಕಾರಣವಾಗಬಲ್ಲ ಉಪಕರಣಕ್ಕೆ ಗುರುತು ಹಾಕುವ ಏರ್ಪಾಡು 2025ರಲ್ಲಿ ಅದಕ್ಕೆ ಸೇರಿತು. ಆ ಗುರುತು ಬರಿಯ ಸೂಚನೆ ಎಂದು ಆ ಕ್ರಮವೇ ಹೇಳುತ್ತದೆ. ನಿಜವಾದ ತಡೆ ಬೇರೆಡೆ ಇರಬೇಕು. ಯಾರು ನೋಡಬಹುದು, ಯಾರು ಬದಲಿಸಬಹುದು, ಯಾರು ಅಳಿಸಬಹುದು ಎಂಬ ಅಧಿಕಾರವನ್ನು ಬೇರೆಬೇರೆಯಾಗಿ ಹಂಚಲು ಕುಬರ್ನೆಟೀಸಿನಲ್ಲಿ ಅವಕಾಶವಿದೆ. ಅಳಿಸುವ ಅಧಿಕಾರವನ್ನೇ ಪಡೆಯದ ಏಜೆಂಟನು ತಪ್ಪು ತಿಳಿದರೂ ಅಳಿಸಲಾರ.

ಬೀರುವನ್ನು ಮುಟ್ಟಬೇಡವೆಂದು ಹೊಸ ಆಳಿಗೆ ಗೃಹಿಣಿ ಹೇಳಿಯೇ ಹೇಳುತ್ತಾಳೆ. ಹೇಳಿದ ಮೇಲೆ ಬೀಗದಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದನ್ನೂ ಅವಳು ಮರೆಯುವುದಿಲ್ಲ.