ಬಳೆಚೂರು ಹೇಳಿದ ಅಳತೆ

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಹಸಿರು ಗಾಜಿನ ಬಳೆ ಕೇಳಿದರೆ ಅಂಗಡಿಯವರ ಮೊದಲ ಪ್ರಶ್ನೆ, "ಅಳತೆ ಎಷ್ಟಮ್ಮ?" ತೊಡುವವರು ಎದುರಿಗಿದ್ದರೆ ಕೈ ನೋಡಿಯೇ ಹೇಳಿಬಿಡುತ್ತಾರೆ. ಆದರೆ ಬಳೆ ಬೇಕಾಗಿರುವುದು ಹಳ್ಳಿಯಲ್ಲಿರುವ ಅಜ್ಜಿಗೆ. ಮೊಮ್ಮಗಳ ಬಳಿ ಇರುವುದು ಅಜ್ಜಿಯ ಹಳೆಯ ಬಳೆಯ ಒಂದು ಚೂರು ಮಾತ್ರ. ಚಿಕ್ಕ ಬಳೆ ತಂದು ಒತ್ತಿ ಏರಿಸಹೋದರೆ ಗಾಜು ಒಡೆದು ಕೈಗೆ ಚುಚ್ಚೀತು. ದೊಡ್ಡದಾದರೆ ಜಾರಿ ಬಿದ್ದೀತು. ಚೂರಿನಿಂದ ಇಡೀ ಬಳೆಯ ಅಳತೆ ಹೇಳಲಾದೀತೇ?

ಆದೀತು. ಒಂದು ಹಾಳೆ, ಪೆನ್ಸಿಲ್, ಸ್ಕೇಲು ಸಾಕು. ಚೂರನ್ನು ಹಾಳೆಯ ಮೇಲಿಟ್ಟು ಅದರ ಒಳಅಂಚನ್ನು ಗೀಚಿ. ಕಂಸದ ಎರಡು ತುದಿಗಳನ್ನು ಸರಳರೇಖೆಯಿಂದ ಸೇರಿಸಿ. ಇದು ಜ್ಯಾ. ಅದರ ನಟ್ಟನಡುವಿನಿಂದ ಕಂಸದವರೆಗೆ ನೇರವಾಗಿ ಎಷ್ಟು ಎತ್ತರವಿದೆ ನೋಡಿ. ನಮ್ಮ ಹಿಂದಿನ ಗಣಿತಜ್ಞರು ಇದಕ್ಕೆ 'ಶರ' ಎಂದರು. ಕಂಸ ಬಿಲ್ಲು, ಜ್ಯಾ ಅದರ ಹೆದೆ, ನಡುವೆ ಬಾಣ. ಎಂಥ ಸೊಗಸಾದ ಹೆಸರು!

ಅಜ್ಜಿಯ ಚೂರಿನಲ್ಲಿ ಜ್ಯಾ 48 ಮಿ.ಮೀ., ಶರ 12 ಮಿ.ಮೀ. ಎನ್ನಿ. ಶರವನ್ನು ವೃತ್ತದ ಆಚೆ ಬದಿಯವರೆಗೆ ಎಳೆದರೆ ಅದೇ ವ್ಯಾಸ. ಅರ್ಧ ಜ್ಯಾದ ವರ್ಗವು ವ್ಯಾಸದ ಎರಡು ತುಂಡುಗಳ ಗುಣಲಬ್ಧಕ್ಕೆ ಸಮ. ಏಕೆ? ವ್ಯಾಸದ ಎರಡೂ ತುದಿಗಳನ್ನು ಜ್ಯಾದ ಒಂದು ತುದಿಗೆ ಸೇರಿಸಿ ನೋಡಿ. ಅರ್ಧವೃತ್ತದೊಳಗಿನ ಕೋನ ಲಂಬಕೋನ. ಅರ್ಧ ಜ್ಯಾ ಆ ತ್ರಿಭುಜವನ್ನು ಎರಡು ಸಮರೂಪ ತ್ರಿಭುಜಗಳಾಗಿ ಸೀಳುತ್ತದೆ. ಹೀಗೆ 24 × 24 = 576; ಅದನ್ನು 12ರಿಂದ ಭಾಗಿಸಿದರೆ 48. ವ್ಯಾಸ 48 + 12 = 60 ಮಿ.ಮೀ.

ಕ್ರಿ.ಶ. 499ರ 'ಆರ್ಯಭಟೀಯ'ದಲ್ಲೇ ಈ ನಿಯಮವಿದೆ. 629ರಲ್ಲಿ ಅದಕ್ಕೆ ಭಾಷ್ಯ ಬರೆದ ಮೊದಲನೆಯ ಭಾಸ್ಕರ ಇದರಿಂದ ತಾವರೆಯ ಒಗಟು ಬಿಡಿಸಿದ. ನೀರಿನ ಮೇಲೆ 8 ಅಂಗುಲ ನಿಂತ ತಾವರೆ ಗಾಳಿಗೆ ಬಾಗಿ ಒಂದು ಮೊಳ, ಅಂದರೆ 24 ಅಂಗುಲ, ದೂರದಲ್ಲಿ ಮುಳುಗಿತು. ನೀರಿನ ಆಳ ಎಷ್ಟು? ಅಲ್ಲೂ ಅದೇ 576! ಉತ್ತರ 32 ಅಂಗುಲ. ದಂಟೇ ತ್ರಿಜ್ಯ ಎಂಬುದು ಹೊಳೆದರೆ ಉಳಿದದ್ದು ಸುಲಭ.

ಬಳೆಗೆ ಮರಳೋಣ. ಅಂಗಡಿಯಲ್ಲಿ 60 ಮಿ.ಮೀ. ಎಂದರೆ ನಡೆಯದು. ಅಲ್ಲಿಯ ಲೆಕ್ಕ ಎರಡು-ನಾಲ್ಕು, ಎರಡು-ಆರು, ಎರಡು-ಎಂಟು. ಎರಡು-ಆರನ್ನು 2.6 ಅಂಗುಲ ಎಂದು ಓದಿದವರು ಕೆಟ್ಟರು. ಅದು 2 ಅಂಗುಲ ಮತ್ತು ಹದಿನಾರರಲ್ಲಿ 6 ಭಾಗ, ಅಂದರೆ 60.3 ಮಿ.ಮೀ. ಎರಡು-ನಾಲ್ಕು 57.2, ಎರಡು-ಎಂಟು 63.5 ಮಿ.ಮೀ. ಎರಡು-ಹತ್ತು ಇನ್ನೂ ದೊಡ್ಡದು; ದಶಮಾಂಶವೆಂದು ಓದಿದರೆ 2.10 ಎಲ್ಲಕ್ಕಿಂತ ಚಿಕ್ಕದಾಗಿಬಿಡುತ್ತದೆ! ಅಜ್ಜಿಯದು ಎರಡು-ಆರು.

ಆದರೆ ಎಚ್ಚರ. ಶರವನ್ನು 12ರ ಬದಲು 11 ಎಂದು ಓದಿದ್ದರೆ ವ್ಯಾಸ 63.4, ಎರಡು-ಎಂಟು. 13 ಎಂದಿದ್ದರೆ 57.3, ಎರಡು-ನಾಲ್ಕು. ಪೆನ್ಸಿಲ್ ಮೊನೆ ದಪ್ಪವಾಗಿದ್ದರೂ ಸಾಕು, ಅಜ್ಜಿಯ ಕೈಗೆ ಬಳೆ ಏರದು. ಪಠ್ಯಪುಸ್ತಕದ ವೃತ್ತಗಳಿಗೆ ಈ ತಾಪತ್ರಯವಿಲ್ಲ. ಅಲ್ಲಿ ಅಳತೆಯನ್ನು ಯಾರೋ ಮೊದಲೇ ಕೊಟ್ಟಿರುತ್ತಾರೆ. ಪಾರಾಗುವ ದಾರಿ ದೊಡ್ಡ ಚೂರು ಹುಡುಕುವುದು. ಜ್ಯಾ 58, ಶರ 22 ಇರುವ ಚೂರು ಸಿಕ್ಕರೆ ಶರದ ಅಳತೆ ಒಂದು ಮಿ.ಮೀ. ಅತ್ತಿತ್ತಾದರೂ ಉತ್ತರ ಎರಡು-ಆರನ್ನು ಬಿಟ್ಟು ಕದಲದು. ಲೆಕ್ಕ ಮಾಡಿಯೇ ನೋಡಿ.

ರೈಲು ಹಳಿಯ ತಿರುವನ್ನು ಪರೀಕ್ಷಿಸುವವರೂ ಹಳಿಗೆ ದಾರ ಬಿಗಿದು ನಡುವಿನ ಶರವನ್ನೇ ಅಳೆಯುತ್ತಾರೆ.

ಈಗ ಓದುಗರಿಗೊಂದು ಚೂರು: ಜ್ಯಾ 40 ಮಿ.ಮೀ., ಶರ 8 ಮಿ.ಮೀ. ಅಂಗಡಿಯಲ್ಲಿ ಯಾವ ಅಳತೆ ಕೇಳಬೇಕು? ಶರ 7 ಇದ್ದಿದ್ದರೆ?